ಟ್ರಾನ್ಸ್‌ಕ್ರಿಪ್ಟ್ ತುಂಬಾ ಸಿ ಗ್ರೇಡು, ಮಗ ಡಾಕ್ಟರ್ ಆಗ್ತಾನಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಡಿಗ್ರಿಲಿ ಮಾರ್ಕ್ಸ್ ಕೈ ಕೊಟ್ಟಿದೆ, ಆದ್ರೂ ಮೆಡಿಕಲ್ ಬೇಕು ಅಂತ. ಹೆಚ್ಚಿನವು ಅಮೆರಿಕದಿಂದ, ಯಾಕಂದ್ರೆ ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್ ಸ್ಕೂಲು, ಡಿಗ್ರಿ ಮಾರ್ಕ್ಸ್ ನೆರಳಿನ ಥರ ಹಿಂದೇನೇ ಬರತ್ತೆ. ದಾವಣಗೆರೆಯಿಂದಲೂ ಒಂದು ಪತ್ರ ಬಂದಿದೆ, ಆ ಕಥೆಯೇ ಬೇರೆ.

ಪ್ರಶ್ನೆ: ಮೇಡಂ ನಮಸ್ಕಾರ. ನಾವು ನ್ಯೂಜೆರ್ಸಿ ಎಡಿಸನ್‌ನಲ್ಲಿ 19 ವರ್ಷದಿಂದ ಇದೀವಿ, ಸಿಟಿಜನ್‌ಶಿಪ್ ಆಗಿದೆ. ಮಗ ಬಯಾಲಜಿಲಿ ಬ್ಯಾಚುಲರ್ಸ್ ಮುಗಿಸಿದ, 120 ಕ್ರೆಡಿಟ್, ಗ್ರೇಡುಗಳ ಸರಾಸರಿ ಅಂದ್ರೆ ಜಿಪಿಎ 4ಕ್ಕೆ 2.8. ಮೊದಲೆರಡು ವರ್ಷ ಏನಾಯ್ತೋ ಗೊತ್ತಿಲ್ಲ, ಆರ್ಗ್ಯಾನಿಕ್ ಕೆಮಿಸ್ಟ್ರಿಲಿ ಸಿ ಮೈನಸ್, ಫಿಸಿಕ್ಸ್‌ನಲ್ಲಿ ಡಿ. ಕೊನೇ ವರ್ಷ ಪರವಾಗಿಲ್ಲ. ಸುಮ್ನೆ ವರ್ಷ ಹಾಳು ಮಾಡೋದು ಬೇಡ, ಈ ಜೂನಿಗೇ ಅಪ್ಲೈ ಮಾಡಲಿ ಅಂತಾರೆ ನಮ್ಮೆಜಮಾನ್ರು. ಒಂದು ಮಾಸ್ಟರ್ಸ್ ಮಾಡಿದ್ರೆ ಜಿಪಿಎ ಸರಿ ಹೋಗತ್ತೆ ಅಂತಾರೆ ಸ್ನೇಹಿತರು. ಕನ್ನಡ ಕೂಟದ ಯುಗಾದಿಗೆ ಹೋಗೋದನ್ನೇ ಬಿಟ್ಟಿದೀನಿ, ಹೋಳಿಗೆ ಬಡಿಸೋ ಮುಂಚೆ ಮಗನ ವಿಷಯ ಕೇಳ್ತಾರೆ. — ಒಬ್ಬ ತಾಯಿ, ಎಡಿಸನ್

ಉತ್ತರ: ಅಮ್ಮಾ, ಈ ಜೂನಿಗೆ ಬೇಡ. ಯಜಮಾನ್ರಿಗೆ ಬೇಜಾರಾದ್ರೂ ಪರವಾಗಿಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಈಗಿರೋ ಫೈಲ್ ಹಿಡ್ಕೊಂಡು ಅಪ್ಲೈ ಮಾಡಿದ್ರೆ ಮೊದಲ ಸ್ಕೂಲಿಗೇ 170 ಡಾಲರ್ ಮೇಲೆ ಹೋಗತ್ತೆ, ಆಮೇಲೆ ಒಂದೊಂದು ಸ್ಕೂಲಿಗೂ 40 ಡಾಲರ್ ಮೇಲೆ, ಅದಾದ್ಮೇಲೆ ಸೆಕೆಂಡರಿ ಅಂತ ಪ್ರತಿ ಸ್ಕೂಲಿನವರು ಬೇರೆ ಫೀಸು ಕೇಳ್ತಾರೆ, 25 ಸ್ಕೂಲಿಗೆ ಹಾಕೋ ಹೊತ್ತಿಗೆ ಊರಿಗೆ ಹೋಗಿ ಬರೋ ಟಿಕೆಟ್ ದುಡ್ಡು ಖಾಲಿ. ದುಡ್ಡು ಹೋಗ್ಲಿ ಬಿಡಿ, ಮುಂದಿನ ಸಲ ಹಾಕುವಾಗ ಅವನು ರೀಅಪ್ಲಿಕೆಂಟ್, ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯ್ತು ಅಂತ ಕೇಳ್ತಾರೆ. ಏನೂ ಬದಲಾಗಿಲ್ಲದೆ ಎರಡು ಸಲ ತಿರಸ್ಕಾರ ಆದವರನ್ನ ನಾನು ನೋಡಿದೀನಿ, ಮೂರನೇ ಸಲಕ್ಕೆ ಹುಡುಗನಲ್ಲಿ ಜೀವವೇ ಇರಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಪೆನ್ನು ಪೇಪರ್ ತಗೊಳ್ಳಿ. 120 ಕ್ರೆಡಿಟ್ ಇಂಟು 2.8, ಅಂದ್ರೆ 336 ಪಾಯಿಂಟ್. ಮುಂದೆ ಓದೋದರಲ್ಲೆಲ್ಲಾ ಅವನು ಎ, ಅಂದ್ರೆ ಕ್ರೆಡಿಟ್‌ಗೆ 4 ಪಾಯಿಂಟ್, ತಗೊಂಡ ಅಂತಲೇ ಇಟ್ಕೊಳ್ಳಿ. 24 ಕ್ರೆಡಿಟ್ ಆದ್ಮೇಲೆ 432 ಭಾಗಿಸು 144, ಸರಿಯಾಗಿ 3.0. ಅದು 3.2 ಆಗೋಕೆ 60 ಕ್ರೆಡಿಟ್ ಬೇಕು, ಎರಡು ವರ್ಷದ ಫುಲ್‌ಟೈಮ್ ಓದು. 3.5 ಬೇಕು ಅಂದ್ರೆ 168 ಕ್ರೆಡಿಟ್, ಇನ್ನೊಂದು ಡಿಗ್ರಿಗಿಂತ ಜಾಸ್ತಿ. ಸೀಟು ಸಿಕ್ಕವರ ಸರಾಸರಿ ಜಿಪಿಎ 3.75ರ ಮೇಲಿದೆ, ಅಲ್ಲಿಗೆ ಇವನು ಈ ಜನ್ಮದಲ್ಲಿ ಹೋಗಲ್ಲ. ಅಳಬೇಡಿ, ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ. ಹಳೇ ನಂಬರನ್ನ ತಳ್ಕೊಂಡು ಮೇಲೆ ಹತ್ತಿಸೋಕಾಗಲ್ಲ, ಆದ್ರೆ ಕೊನೇ ಎರಡು ವರ್ಷ ಯಾವ ಕಡೆ ಮುಖ ಮಾಡಿದೆ ಅನ್ನೋದನ್ನ ಓದೋರು ಇದಾರೆ, ಅವರಿಗೆ ಓದೋಕೆ ಏನಾದ್ರೂ ಇರಬೇಕಲ್ಲ? ಒಂದು ಒಳ್ಳೇ ಸೆಮಿಸ್ಟರ್ ಅದೃಷ್ಟ ಅಂತಾರೆ, ನಾಲ್ಕು ಸಾಲಾಗಿ ಬಂದ್ರೆ ಹುಡುಗ ಬದಲಾಗಿದಾನೆ ಅಂತಾರೆ.

ಮಾಸ್ಟರ್ಸ್ ವಿಷಯ. ನಿಮ್ಮ ಸ್ನೇಹಿತರು ಹೇಳಿದ್ದು ತಪ್ಪು, ಪಾಪ ಒಳ್ಳೇ ಮನಸ್ಸಿಂದಲೇ ಹೇಳಿರ್ತಾರೆ. ಎಂ.ಡಿ. (ಅಮೆರಿಕದಲ್ಲಿ ಇದು ನಮ್ಮ ಎಂಬಿಬಿಎಸ್ ಥರ ಮೊದಲ ಡಾಕ್ಟರ್ ಪದವಿ) ಸ್ಕೂಲುಗಳ ಅರ್ಜಿ ಹೋಗೋ ಆಮ್ಕಾಸ್‌ನಲ್ಲಿ ಗ್ರ್ಯಾಜುಯೇಟ್ ಜಿಪಿಎಗೆ ಬೇರೆ ಸಾಲು, ಅಂಡರ್‌ಗ್ರ್ಯಾಡ್‌ಗೆ ಬೇರೆ ಸಾಲು, ಮಾಸ್ಟರ್ಸ್‌ನಲ್ಲಿ 4.0 ತಂದ್ರೂ ಆ 2.8 ಒಂದು ದಶಾಂಶವೂ ಅಲುಗಲ್ಲ. ಡಿಗ್ರಿ ಆದ್ಮೇಲೆ ಅಂಡರ್‌ಗ್ರ್ಯಾಡ್ ಮಟ್ಟದ ಕೋರ್ಸುಗಳನ್ನೇ ತಗೊಳ್ಳೋದಕ್ಕೆ ಪೋಸ್ಟ್‌ಬ್ಯಾಕ್ ಅಂತಾರೆ, ಅದು ಮಾತ್ರ ಒಟ್ಟು ಲೆಕ್ಕಕ್ಕೆ ಸೇರತ್ತೆ. ಸ್ಪೆಷಲ್ ಮಾಸ್ಟರ್ಸ್ ಅಂತ ಇನ್ನೊಂದಿದೆ, ಮೆಡಿಕಲ್ ವಿದ್ಯಾರ್ಥಿಗಳ ಮೊದಲ ವರ್ಷದ ಪಾಠಗಳನ್ನೇ ಓದಿಸೋದು. ಅದು ಚೂರಿ ಇದ್ದ ಹಾಗೆ, ಅಲ್ಲಿ ಚೆನ್ನಾಗಿ ಮಾಡಿದ್ರೆ ಅಡ್ಮಿಷನ್ ಕಮಿಟಿಯವರ ಬಾಯಿ ಮುಚ್ಚತ್ತೆ, ಅಲ್ಲೂ ಬಿ ಮೈನಸ್ ಬಂದ್ರೆ ಇವನು ಮೆಡಿಕಲ್ ಓದು ತಡ್ಕೊಳ್ಳಲ್ಲ ಅಂತ ನೀವೇ ದುಡ್ಡು ಕೊಟ್ಟು ಸರ್ಟಿಫಿಕೇಟ್ ಬರೆಸ್ಕೊಂಡ ಹಾಗಾಗತ್ತೆ. ವರ್ಷಕ್ಕೆ 40 ಸಾವಿರ ಡಾಲರ್ ದಾಟೋದೂ ಉಂಟು. ಹಾಗಾಗಿ ಮೊದಲು ಪೋಸ್ಟ್‌ಬ್ಯಾಕ್, ಅಲ್ಲಿ ಎ ಗಳು ಬಂದ ಮೇಲೆ, ಇನ್ನೂ ಬೇಕು ಅನ್ಸಿದ್ರೆ ಮಾತ್ರ ಮಾಸ್ಟರ್ಸ್.

ಫಿಸಿಕ್ಸ್‌ನ ಡಿ ಮತ್ತೆ ಆರ್ಗ್ಯಾನಿಕ್‌ನ ಸಿ ಮೈನಸ್ ಎರಡನ್ನೂ ಮತ್ತೆ ಓದಲೇಬೇಕು, ಬಹಳಷ್ಟು ಸ್ಕೂಲುಗಳು ಸಿಗಿಂತ ಕೆಳಗಿದ್ರೆ ಒಪ್ಪಲ್ಲ. ಬರೀ ಸಿ ಇರೋವನ್ನ ಬಿಟ್ಬಿಡಿ, ಅದರ ಬದಲು ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಇಮ್ಯುನಾಲಜಿ ಥರದ ಮೇಲಿನ ಕೋರ್ಸ್ ತಗೊಂಡು ಎ ತಂದ್ರೆ ಬೆಲೆ ಜಾಸ್ತಿ. ಇಲ್ಲೊಂದು ಹಳೇ ನಂಬಿಕೆ ಇದೆ, ಮತ್ತೆ ಓದಿದ್ರೆ ಹಳೇ ಗ್ರೇಡ್ ಹೋಗತ್ತೆ ಅಂತ. ಆಮ್ಕಾಸ್‌ನಲ್ಲಿ ಹೋಗಲ್ಲ, ಎರಡನ್ನೂ ಕೂಡಿಸ್ತಾರೆ, ಅದೇ ಕೋರ್ಸಲ್ಲಿ ಮೊದಲು ಸಿ ಆಮೇಲೆ ಎ ಬಂದ್ರೆ ಲೆಕ್ಕಕ್ಕೆ 3.0 ಅಷ್ಟೇ. ಡಾಕ್ಟರಾಗೋಕೆ ಇನ್ನೊಂದು ದಾರಿಯಾದ ಡಿ.ಓ. ಸ್ಕೂಲುಗಳು ಮುಂಚೆ ಹೊಸ ಗ್ರೇಡ್ ಮಾತ್ರ ಹಿಡೀತಿದ್ರು, 2017ರಲ್ಲಿ ಅದನ್ನೂ ನಿಲ್ಲಿಸಿದ್ರು, ಆದ್ರೂ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಆ ನಿಯಮ ಇವತ್ತಿಗೂ ಜೀವಂತ.

ಡಿ.ಓ. ಅಂದ ಕೂಡ್ಲೇ ಒಬ್ಬರು ಆಂಟಿ ನನ್ನನ್ನ ಕೇಳಿದ್ರು, ಅದು ಹೋಮಿಯೋಪತಿ ಥರಾನಾ ಅಂತ. ಅಲ್ಲ ಕಣ್ರೀ. ಅಮೆರಿಕದಲ್ಲಿ ಡಿ.ಓ. ಅಂದ್ರೆ ಪೂರ್ತಿ ಡಾಕ್ಟರು, ಸರ್ಜರಿ ಮಾಡ್ತಾರೆ, ಔಷಧಿ ಬರೀತಾರೆ. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರುವಾದ ದಾರಿ ಅದು, ಮೂಳೆ ಮಾಂಸಖಂಡದ ಕೈಚಳಕದ ಒಂದು ಪಾಠ ಹೆಚ್ಚಿಗೆ ಇರತ್ತೆ, ಉಳಿದಿದ್ದೆಲ್ಲಾ ಅದೇ. 2020ರಿಂದ ಎಂ.ಡಿ., ಡಿ.ಓ. ಇಬ್ಬರಿಗೂ ರೆಸಿಡೆನ್ಸಿಗೆ, ಅಂದ್ರೆ ಪದವಿ ಆದ್ಮೇಲಿನ ಆಸ್ಪತ್ರೆ ತರಬೇತಿಗೆ, ಸೀಟು ಹಂಚೋ ಮ್ಯಾಚ್ ಒಂದೇ. ನಿಮ್ಮ ಮಗನ ಥರ ತಡವಾಗಿ ಎಚ್ಚೆತ್ತ ಹುಡುಗರನ್ನ ಅಲ್ಲಿ ಸ್ವಲ್ಪ ಮನಸ್ಸಿಟ್ಟು ನೋಡ್ತಾರೆ, ಸೀಟು ಸಿಕ್ಕವರ ಸರಾಸರಿ ಜಿಪಿಎ ಕೂಡ ಕಮ್ಮಿ, 3.6ರ ಆಸುಪಾಸು. ನನ್ನ ಕ್ಲಿನಿಕ್ಕಲ್ಲಿ ನನ್ನ ಪಕ್ಕದ ರೂಮಿನವರು ಡಿ.ಓ., ಪೇಷೆಂಟ್‌ಗಳು ನನಗಿಂತ ಅವರನ್ನೇ ಜಾಸ್ತಿ ಕೇಳ್ಕೊಂಡು ಬರ್ತಾರೆ, ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ.

ಇಷ್ಟೆಲ್ಲಾ ಹೇಳಿದ್ರೂ ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಚುಚ್ಚಿದ್ದು ಒಂದೇ ಮಾತು, "ಮೊದಲೆರಡು ವರ್ಷ ಏನಾಯ್ತೋ ಗೊತ್ತಿಲ್ಲ." ಅದನ್ನ ತಿಳ್ಕೊಳ್ಳದೆ ಒಂದು ಕ್ರೆಡಿಟ್‌ಗೂ ದುಡ್ಡು ಕಟ್ಟಬೇಡಿ. ನಾನು ಕೆಲವು ವರ್ಷ ಇಲ್ಲೊಂದು ಮೆಡಿಕಲ್ ಸ್ಕೂಲಿಗೆ ಇಂಟರ್‌ವ್ಯೂ ಮಾಡೋಕೆ ಹೋಗ್ತಿದ್ದೆ. ಒಬ್ಬಳ ಫೈಲಲ್ಲಿ ಎರಡನೇ ವರ್ಷದ ಸಾಲು ಹೀಗಿತ್ತು, ಸಿ, ಸಿ ಮೈನಸ್, ಡಬ್ಲ್ಯೂ (ಮಧ್ಯದಲ್ಲೇ ಬಿಟ್ಟ ಕೋರ್ಸು), ಡಿ. ಆಮೇಲೆ ಒಂದೂವರೆ ವರ್ಷ ಖಾಲಿ. ಆಮೇಲೆ ಎ, ಎ, ಎ ಮೈನಸ್, ಎ, ಬಿಡದೆ. ಈ ಖಾಲಿ ಜಾಗದಲ್ಲಿ ಎಲ್ಲಿದ್ದೆ ಅಂತ ಕೇಳಿದೆ. ನರ್ಸಿಂಗ್ ಹೋಮಲ್ಲಿ ರಾತ್ರಿ ಪಾಳಿ ಅಂದ್ಳು. ಎದ್ದೇಳೋಕಾಗದ ಒಬ್ಬ ಮುದುಕರನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣಾಗತ್ತೆ, ಮೊಣಕಾಲ ಮಧ್ಯೆ ದಿಂಬು ಎಲ್ಲಿಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಹೇಗೆ ಎತ್ತಿಡಬೇಕು ಅಂತ ಆ ಹುಡುಗಿ ಮೇಜಿನ ಮೇಲೆ ಕೈಲೇ ತೋರಿಸ್ತು. ಆಮೇಲೆ ತಾನೇ ಹೇಳಿದ್ಲು, ಕಾಲೇಜಲ್ಲಿ ಡಿಪ್ರೆಷನ್ ಇತ್ತು, ಯಾರಿಗೂ ಹೇಳಿರ್ಲಿಲ್ಲ, ಚಿಕಿತ್ಸೆ ತಗೊಂಡೆ, ಮೊದಲು ಒಂದೇ ಕೋರ್ಸ್‌ಗೆ ಸೇರಿ ನೋಡ್ದೆ, ಆಮೇಲೆ ಎರಡು. ನಾನು ಅವಳಿಗೆ ಮೇಲಿನ ಮಾರ್ಕೇ ಕೊಟ್ಟೆ. ಅದೇ ದಿನ ಮಧ್ಯಾಹ್ನ ಬಂದ ಇನ್ನೊಬ್ಬ ಅವಳಿಗಿಂತ ಒಳ್ಳೇ ನಂಬರಿನ ಹುಡುಗ, ಸಿ ಯಾಕೆ ಬಂತು ಅಂದ್ರೆ ಪ್ರೊಫೆಸರ್ ಸರಿಯಿರ್ಲಿಲ್ಲ ಅಂದ.

ನಿಮ್ಮ ಹುಡುಗಂದು ಏನು ಕಾರಣವೋ, ಗೇಮ್ಸೋ, ಪ್ರೀತಿಯೋ, ಕಾಯಿಲೆಯೋ, ಇಲ್ಲಾ ಅವನಿಗೆ ಮೆಡಿಕಲ್ ಬೇಕಾಗೇ ಇರ್ಲಿಲ್ವೋ. ಕಾರಲ್ಲಿ ಕರ್ಕೊಂಡು ಹೋಗುವಾಗ ಕೇಳಿ, ಎದುರುಬದುರು ಕೂತು ಕೇಳಿದ್ರೆ ಗಂಡು ಮಕ್ಕಳು ಬಾಯಿ ಬಿಡಲ್ಲ. ಒಂದು ಸೆಮಿಸ್ಟರ್‌ಗೆ ಎರಡೇ ಸೈನ್ಸ್ ಕೋರ್ಸ್ ತಗೊಳ್ಳಲಿ, ಮನೆ ಹತ್ತಿರದ ನಾಲ್ಕು ವರ್ಷದ ಯೂನಿವರ್ಸಿಟಿಲೇ ಆಗ್ಲಿ, ಕೈಲಾಗದಿದ್ರೆ ಶುರುಗೆ ಕಮ್ಯುನಿಟಿ ಕಾಲೇಜಾದ್ರೂ ಸರಿ. ಜೊತೆಗೆ ರೋಗಿಗಳ ಹತ್ತಿರ ಇರೋ ಕೆಲಸ ಹಿಡೀಲಿ, ಡಾಕ್ಟರ ಪಕ್ಕ ಇದ್ದು ನೋಟ್ಸ್ ಬರೆಯೋ ಸ್ಕ್ರೈಬ್, ಆಂಬುಲೆನ್ಸಿನ ಇಎಂಟಿ, ಏನಾದ್ರೂ. ಎಂಕ್ಯಾಟ್, ಅಂದ್ರೆ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ, ಇದೆಲ್ಲಾ ಆದ್ಮೇಲೆ. ಯಜಮಾನ್ರಿಗೆ ಇನ್ನೊಂದು ವಿಷಯ ಹೇಳಿ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಸರ್ಕಾರಿ ಸಾಲ ಇಲ್ಲ, ಮೆಡಿಕಲ್ ವಿದ್ಯಾರ್ಥಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಿತಿ, ಮಾಸ್ಟರ್ಸ್‌ಗಾದ್ರೆ ವರ್ಷಕ್ಕೆ 20,500. ಈಗ ಕಂಡಕಂಡ ಕಡೆ ಖರ್ಚು ಮಾಡಿಬಿಟ್ರೆ ಸೀಟು ಸಿಕ್ಕಾಗ ಕೈ ಖಾಲಿ ಇರತ್ತೆ.

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿ ಓದ್ತಿದೀನಿ, ಹುಟ್ಟಿದ್ದು ಮೈಸೂರು, ಆರು ವರ್ಷ ಇದ್ದಾಗ ಇಲ್ಲಿಗೆ ಬಂದ್ವಿ. ಅಪ್ಪನ ಗ್ರೀನ್ ಕಾರ್ಡ್ ಇನ್ನೂ ಕ್ಯೂನಲ್ಲಿದೆ, 21 ಆದ್ಮೇಲೆ ಅಪ್ಪನ ಮೇಲೆ ಸಿಗೋ ಎಚ್-4 ವೀಸಾ ಇಂದ ವಿದ್ಯಾರ್ಥಿ ವೀಸಾ ಎಫ್-1ಗೆ ಬಂದೆ. ಜಿಪಿಎ 3.1. ಜಿಪಿಎ ಸರಿ ಮಾಡ್ಕೊಂಡ್ರೆ ಸಾಕಾ? — ಆರ್., ಟೆಕ್ಸಾಸ್

ಉತ್ತರ: ಇಲ್ಲಪ್ಪಾ, ಸಾಕಾಗಲ್ಲ, ನಿನಗೆ ಜಿಪಿಎಗಿಂತ ದೊಡ್ಡ ಗೋಡೆ ವೀಸಾ. ಹದಿನೈದು ವರ್ಷ ಅಲ್ಲೇ ಬೆಳೆದ ಹುಡುಗನನ್ನ ಅರ್ಜಿಯಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿ ಅಂತ ಹಾಕ್ತಾರೆ, ಅನ್ಯಾಯ ಅನ್ಸತ್ತೆ, ಹೌದು ಅನ್ಯಾಯವೇ. ತುಂಬಾ ಮೆಡಿಕಲ್ ಸ್ಕೂಲುಗಳು ಎಫ್-1 ಅರ್ಜಿಯನ್ನ ತೆಗೆದೇ ನೋಡಲ್ಲ, ನೋಡೋ ಕೆಲವು ಕಡೆ ಇಷ್ಟು ವರ್ಷದ ಫೀಸನ್ನ ಮೊದಲೇ ಎಸ್ಕ್ರೋ (ಮೂರನೆಯವರ ಕೈಲಿರೋ) ಖಾತೆಲಿ ಇಡಿ ಅಂತಾರೆ. ಫೆಡರಲ್ ಸಾಲ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಸ್ಕೂಲುಗಳ ಪಟ್ಟಿಯನ್ನ ಜಿಪಿಎ ನೋಡಿ ಮಾಡಬೇಡ, ಒಂದೊಂದು ಸ್ಕೂಲಿನ ಅಡ್ಮಿಷನ್ ಆಫೀಸಿಗೂ ಮೇಲ್ ಹಾಕಿ ಎಫ್-1 ತಗೋತೀರಾ, ನಾನು ಟೆಕ್ಸಾಸ್ ಹೈಸ್ಕೂಲಲ್ಲೇ ಓದಿದ್ದು, ಇನ್‌ಸ್ಟೇಟ್ ಲೆಕ್ಕಕ್ಕೆ ಬರ್ತೀನಾ ಅಂತ ಬರವಣಿಗೆಲಿ ಉತ್ತರ ತಗೋ. ಟೆಕ್ಸಾಸ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳು ಹೊರ ರಾಜ್ಯದವರಿಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಸೀಟು ಕೊಡೋ ಹಾಗಿಲ್ಲ. 3.1ಕ್ಕೆ ನಾನು ಮೇಲೆ ಆ ಅಮ್ಮನಿಗೆ ಹೇಳಿದ್ದೇ ಔಷಧಿ. ಅಪ್ಪನ ಕ್ಯೂ ಯಾವಾಗ ಮುಂದೆ ಹೋಗತ್ತೋ ಆ ದೇವರೇ ಬಲ್ಲ, ಅದಕ್ಕೆ ಕಾಯೋದನ್ನ ಪ್ಲಾನ್ ಅಂತ ಕರೀಬೇಡ.

ಪ್ರಶ್ನೆ: ಕೆರಿಬಿಯನ್ ದ್ವೀಪದ ಒಂದು ಮೆಡಿಕಲ್ ಕಾಲೇಜಿನವರು ಮಗಳಿಗೆ 2.9 ಜಿಪಿಎಗೂ ಸೀಟು ಕೊಟ್ಟಿದಾರೆ, ಒಂದೇ ವಾರದಲ್ಲಿ ಲೆಟರ್ ಬಂತು! ಸೇರಿಸೋದಾ? — ಒಬ್ಬ ತಂದೆ, ಮಿಶಿಗನ್

ಉತ್ತರ: ಒಂದೇ ವಾರದಲ್ಲಿ ಬಂತು ಅನ್ನೋದಕ್ಕೆ ನೀವು ಖುಷಿ ಪಡ್ತಿದೀರ, ನನಗೆ ಭಯ ಆಗತ್ತೆ. ಅಲ್ಲಿಂದ ಬಂದ ಒಳ್ಳೇ ಡಾಕ್ಟರುಗಳು ನನಗೆ ಗೊತ್ತು, ಅವರ ಜೊತೆ ಕೆಲಸ ಮಾಡಿದೀನಿ, ಅವರನ್ನ ಹಳಿಯಲ್ಲ. ಆದ್ರೆ ಒಳಗೆ ಹೋಗೋ ಬಾಗಿಲು ದೊಡ್ಡದು, ಹೊರಗೆ ಬರೋ ಬಾಗಿಲು ಚಿಕ್ಕದು. ಅಮೆರಿಕದ ಎಂ.ಡಿ. ಸ್ಕೂಲಿನ ಕೊನೇ ವರ್ಷದವರಲ್ಲಿ ನೂರಕ್ಕೆ 93ರ ಹತ್ತಿರ ರೆಸಿಡೆನ್ಸಿ ಮ್ಯಾಚ್ ಆಗತ್ತೆ, ಹೊರದೇಶದಲ್ಲಿ ಓದಿ ಬಂದ ಅಮೆರಿಕನ್ ಸಿಟಿಜನ್‌ಗಳಲ್ಲಿ ಅದು ನೂರಕ್ಕೆ 67ರ ಆಸುಪಾಸು, ಅದೂ ಮ್ಯಾಚ್‌ವರೆಗೆ ಬಂದು ಮುಟ್ಟಿದವರ ಲೆಕ್ಕ, ಮಧ್ಯದಲ್ಲೇ ಫೇಲಾಗಿ ಸಾಲ ಹೊತ್ಕೊಂಡು ವಾಪಸ್ ಬಂದವರು ಇದರಲ್ಲಿ ಇಲ್ಲ. ಕಾಲೇಜಿನವರನ್ನ ಒಂದೇ ಪ್ರಶ್ನೆ ಕೇಳಿ: ಮೊದಲ ದಿನ ನೂರು ಜನ ಸೇರಿದ್ರೆ ಅವರಲ್ಲಿ ಎಷ್ಟು ಜನ ನಾಲ್ಕು ವರ್ಷಕ್ಕೆ ಪದವಿ ತಗೊಂಡು ರೆಸಿಡೆನ್ಸಿಗೆ ಹೋದ್ರು? ಪರೀಕ್ಷೆ ಬರೆದವರಲ್ಲಿ ಪಾಸಾದವರು ಇಷ್ಟು ಅಂತ ಸುತ್ತಿ ಬಳಸಿ ಹೇಳಿದ್ರೆ ಫೋನ್ ಇಡಿ. ಮಗಳು ಇಲ್ಲಿ ಡಿ.ಓ.ಗೆ ಇನ್ನೂ ಒಂದು ಸಲವೂ ಹಾಕಿಲ್ಲ ಅಂದ್ರೆ ದ್ವೀಪದ ಮಾತೇ ಈಗ ಬೇಡ.

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯವಳು. ಬಿ.ಎಸ್ಸಿ. ಮುಗಿಸಿದೆ, ಬರೀ 54 ಪರ್ಸೆಂಟ್, ಒಂದು ಪೇಪರ್ ಎರಡು ಸಲ ಬರೆದೆ. ಪಿಯುಸಿಲಿ ಪಿಸಿಬಿ 61 ಇತ್ತು. ಈಗ ಎಂಬಿಬಿಎಸ್ ಆಸೆ. ಡಿಗ್ರಿ ಮಾರ್ಕ್ಸ್ ನೋಡಿದ್ರೆ ಯಾರು ಸೀಟ್ ಕೊಡ್ತಾರೆ ಅಂತ ಭಯ. ವಯಸ್ಸು 22. — ಹೆಸರು ಬೇಡ

ಉತ್ತರ: ತಂಗೀ, ಮೇಲಿನವರ ತಲೆನೋವು ಒಂದೂ ನಿನಗಿಲ್ಲ. ಭಾರತದಲ್ಲಿ ಎಂಬಿಬಿಎಸ್‌ಗೆ ನಿನ್ನ ಬಿ.ಎಸ್ಸಿ. ಮಾರ್ಕ್ಸ್ ಲೆಕ್ಕಕ್ಕೇ ಇಲ್ಲ, ಆ 54 ಬೇರೆಯವರ ಕಣ್ಣಿಗೇ ಬೀಳಲ್ಲ. ಪಿಯುಸಿಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಸೇರಿ ಜನರಲ್‌ನವರಿಗೆ 50, ಎಸ್‌ಸಿ ಎಸ್‌ಟಿ ಒಬಿಸಿಗೆ 40 ಪರ್ಸೆಂಟ್ ಇರಬೇಕು, ನಿನಗೆ 61 ಇದೆ, ಮುಗೀತು. ಆಮೇಲೆ ಎಲ್ಲಾ ನೀಟ್ ಪರೀಕ್ಷೆ ಮೇಲೆ. ವಯಸ್ಸಿನ ಮೇಲ್ಮಿತಿ 2022ರಲ್ಲೇ ತೆಗೆದಿದಾರೆ, ಎಷ್ಟು ಸಲ ಬೇಕಾದ್ರೂ ಬರೀಬಹುದು, ಕನ್ನಡದಲ್ಲೂ ಬರೀಬಹುದು. 180 ಪ್ರಶ್ನೆ, 720 ಮಾರ್ಕ್ಸ್, ಸರಿಗೆ 4, ತಪ್ಪಿಗೆ ಒಂದು ಕಟ್.

ಆದ್ರೆ ಬಿ.ಎಸ್ಸಿ. ಆಗಿದೆ ಅಂತ ಮೊದಲ ವರ್ಷ ಬಿಟ್ಟು ನೇರ ಎರಡನೇ ವರ್ಷಕ್ಕೆ ಸೇರಿಸ್ಕೊಳ್ಳಲ್ಲ, ನಾಲ್ಕೂವರೆ ವರ್ಷ ಓದು ಒಂದು ವರ್ಷ ಇಂಟರ್ನ್‌ಶಿಪ್ ಎಲ್ಲಾ ಹದಿನೆಂಟರ ಮಕ್ಕಳ ಜೊತೇನೇ. ಮುಗಿಸೋ ಹೊತ್ತಿಗೆ ನಿನಗೆ 29 ಆಗಿರತ್ತೆ. ಮದುವೆ ಮಾತು ಶುರು ಮಾಡೋ ಮನೆಯವರಿಗೆ ಈ ಲೆಕ್ಕ ಈಗಲೇ ಹೇಳಿಬಿಡು, ಆಮೇಲೆ ಗಲಾಟೆ ಬೇಡ.

ಹೋದ ವರ್ಷದ, ನಮ್ಮ ರಾಜ್ಯದಲ್ಲಿ ಸೀಟು ಹಂಚೋ ಕೆಇಎ ಅವರ ಕಟ್‌ಆಫ್ ಪಟ್ಟಿ ತೆಗೆದು ನಿನ್ನ ಕೆಟಗರಿ ಸಾಲಲ್ಲಿ ಸರ್ಕಾರಿ ಸೀಟು ಕೊನೆಗೆ ಎಷ್ಟು ರ್‍ಯಾಂಕಿಗೆ ನಿಂತಿದೆ ನೋಡು, ಗೋಡೆಗೆ ಅಂಟಿಸ್ಕೋ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಲಿ ಕನ್ನಡ ಮೀಡಿಯಂ ಓದಿದ್ರೆ ರೂರಲ್ ಕೋಟಾ, ಕನ್ನಡ ಮೀಡಿಯಂ ಕೋಟಾ ಎರಡಕ್ಕೂ ಸರ್ಟಿಫಿಕೇಟ್ ಈಗಲೇ ಮಾಡಿಸಿಡು, ಹೆಡ್‌ಮಾಸ್ಟರ್ ಸಹಿ, ಬಿಇಒ ಆಫೀಸಿನ ಸೀಲು ಅಂತ ಕೊನೇ ವಾರದಲ್ಲಿ ಓಡಾಡಿ ಅತ್ತವರು ಬೇಕಾದಷ್ಟು. ಓದೋಕೆ ಎನ್‌ಸಿಇಆರ್‌ಟಿ ಪುಸ್ತಕ, ಹಳೇ ಪೇಪರ್. ಬಯಾಲಜಿ ಒಂದಕ್ಕೇ 360 ಮಾರ್ಕ್ಸ್, ಅಲ್ಲಿಂದ ಶುರು ಮಾಡು, ಫಿಸಿಕ್ಸ್‌ಗೆ ಹೆದರಿ ಬಯಾಲಜಿ ಬಿಡಬೇಡ. ಡಿಗ್ರಿಲಿ ಆ ಪೇಪರ್ ಯಾಕೆ ಹೋಯ್ತು ಅಂತ ಮಾತ್ರ ಒಂದ್ಸಲ ಯೋಚ್ನೆ ಮಾಡು, ಬಾಯಿಪಾಠ ಮಾಡಿ ಹೋಗಿದ್ದಕ್ಕೆ ಅಂತಾದ್ರೆ ನೀಟ್‌ನಲ್ಲೂ ಅದೇ ಆಗತ್ತೆ.

ಪ್ರಶ್ನೆ: ಎಂಕ್ಯಾಟ್ 502 ಬಂತು, ಜಿಪಿಎ 3.0. ಬರೋ ತಿಂಗಳು ಮತ್ತೆ ಡೇಟ್ ಖಾಲಿ ಇದೆ, ಬುಕ್ ಮಾಡ್ಲಾ? — ಕೆ., ಸ್ಯಾನ್ ಹೋಸೆ

ಉತ್ತರ: ಬೇಡ. ಒಂದು ತಿಂಗಳಲ್ಲಿ 502 ಹೋಗಿ 503 ಆಗತ್ತೆ, ಇಲ್ಲಾ 499 ಆಗತ್ತೆ, ಬರೆದ ಎಲ್ಲಾ ಸ್ಕೋರೂ ಸ್ಕೂಲುಗಳಿಗೆ ಕಾಣ್ಸತ್ತೆ. ಜೀವಮಾನಕ್ಕೆ ಏಳೇ ಸಲ, ವರ್ಷಕ್ಕೆ ಮೂರೇ ಸಲ, ಅದನ್ನ ಲಾಟರಿ ಟಿಕೆಟ್ ಥರ ಹರೀಬೇಡ. ಎಂಕ್ಯಾಟ್ ನಡೆಸೋ ಎಎಎಂಸಿಯವರ ಪ್ರಾಕ್ಟೀಸ್ ಪರೀಕ್ಷೆಗಳನ್ನ ಬೆಳಗ್ಗೆ ಎಂಟಕ್ಕೆ ಕೂತು, ಫೋನ್ ಬೇರೆ ರೂಮಲ್ಲಿಟ್ಟು, ಏಳೂವರೆ ಗಂಟೆ ಪೂರ್ತಿ ಮಾಡು. ಸಾಲಾಗಿ ಮೂರು ಸಲ 510 ದಾಟಿದ ಮೇಲೆ ಡೇಟ್ ಹುಡುಕು. ನಿನ್ನ ನಾಲ್ಕು ಸೆಕ್ಷನ್ ಸ್ಕೋರ್ ಬಿಡಿಬಿಡಿಯಾಗಿ ಬರೆದಿಲ್ಲ ನೀನು, ಮುಂದಿನ ಪತ್ರದಲ್ಲಿ ಬರೆದು ಕಳಿಸು, ಯಾವುದು ಕೆಳಗಿದೆ ನೋಡಿ ಹೇಳ್ತೀನಿ.